ಬೆಟ್ಟವಿಲ್ಲದ ಪೆರು

ತುಳಸಿಗೆ ಅನುಮಾನ ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಡಲ್ಲಾಸ್ ಪಕ್ಕದ ಇರ್ವಿಂಗ್‌ನ ಇಂಡಿಯನ್ ಅಂಗಡಿಯಲ್ಲಿ ತುದಿ ಮುರಿದು ನೋಡದೆ ಒಂದು ಬೆಂಡೆಕಾಯಿಯನ್ನೂ ಅವಳು ಚೀಲಕ್ಕೆ ಹಾಕಿದವಳಲ್ಲ. ಹಾಲಿನ ಡಬ್ಬದ ಮೇಲೆ ತಾರೀಖು ಇದ್ದರೂ ಮೂಸಿ ನೋಡಿಯೇ ಒಲೆಯ ಮೇಲಿಡುವವಳು. ಇಂಥವಳ ಕಣ್ಣೆದುರಿಗೆ ಕಟ್ಟಿಕೊಂಡ ಗಂಡ ಪೆರು ದೇಶದ ಬೆಟ್ಟಗಳನ್ನೆಲ್ಲ ಎತ್ತಿ ಹೊರಗಿಟ್ಟರೆ ಸುಮ್ಮನಿರುತ್ತಾಳೆಯೇ?

ಆಗಿದ್ದಿಷ್ಟು. ಕೋವಿಡ್‌ನಿಂದ ವಿಮಾನಗಳು ನಿಂತು, ಡಲ್ಲಾಸ್ ಸುತ್ತಮುತ್ತಲಿನ ಕನ್ನಡದವರೆಲ್ಲ ಮನೆಯಲ್ಲೇ ಕೂತು ಬೇಸತ್ತಿದ್ದ ಕಾಲದಲ್ಲಿ ಪ್ಲೇನೋದ ಶ್ರೀಪತಿ ಒಂದು ಆಟ ಹೂಡಿದ. ಶನಿವಾರ ಸಂಜೆ ಎಲ್ಲರೂ ಜೂಮ್‌ನಲ್ಲಿ ಸೇರುವುದು. ಒಂದೊಂದು ಮನೆಯವರು ಒಂದೊಂದು ದೇಶ ಹಿಡಿದು, ಪ್ರಯಾಣ ಮತ್ತೆ ಶುರುವಾದ ಮೇಲೆ ಅಲ್ಲಿ ಏನೇನು ನೋಡಬಹುದು ಅಂತ ಚಿತ್ರ ತೋರಿಸಿ ಹೇಳುವುದು. ಹೆಚ್ಚು ಜನಕ್ಕೆ ಹಿಡಿಸಿದ ದೇಶಕ್ಕೆ ಗುಂಪು ಕಟ್ಟಿಕೊಂಡು ಹೊರಡುವುದು. ಮರ್ಫಿಯಲ್ಲಿದ್ದ ತಿಮ್ಮಯ್ಯ, ಅಂದರೆ ತುಳಸಿಯ ಗಂಡ, ಪೆರು ಹಿಡಿದ. ಅವನಲ್ಲದೆ ಇನ್ಯಾರು ಹಿಡಿಯಬೇಕು? ಅವನ ಆಫೀಸಿನ ಮೇಜಿನ ಮೇಲೆ ಮಗಳ ಫೋಟೋ ಬರುವ ಮುಂಚೆಯೇ ಅಲ್ಲಿಯ ಬೆಟ್ಟದ ಮೇಲಿನ ಹಾಳು ಪಟ್ಟಣ ಮಾಚು ಪಿಚ್ಚುವಿನ ಫೋಟೋ ಬಂದಿತ್ತು. ರಿಟೈರ್ ಆದ ಕೂಡಲೇ ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆಂದು ಹೆಂಡತಿಗೆ ಹೇಳಿ ಹೇಳಿ, ಅವಳಿಗೆ ಆ ಕಲ್ಲಿನ ಮೆಟ್ಟಿಲುಗಳು ಹತ್ತದೆಯೇ ಪರಿಚಯವಾಗಿದ್ದವು.

ಅವನ ಸರದಿ ಬಂದ ದಿನ ತುಳಸಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಳು. ಮೊದಲು ಲಿಮಾ ಬಂತು, ಸಮುದ್ರದ ದಂಡೆಯಲ್ಲಿ ಕಡಿದಾದ ದಿಬ್ಬದ ಮೇಲೆ ಹರಡಿದ ಊರು. ಆಮೇಲೆ ಪರಾಕಾಸ್. ಅಲ್ಲಿಯ ನಡುಗಡ್ಡೆಗಳ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಹಕ್ಕಿಗಳು. ಮರಳುಗುಡ್ಡಗಳ ನಡುವೆ ಒಂದು ಕೊಳ, ಕೊಳದ ಸುತ್ತ ಖರ್ಜೂರದಂಥ ಮರಗಳು. ಉತ್ತರಕ್ಕೆ ಹೋದರೆ ಬರೀ ಮಣ್ಣಿನಲ್ಲೇ ಕಟ್ಟಿದ ಚಾನ್ ಚಾನ್ ಎಂಬ ಹಳೆಯ ಪಟ್ಟಣ. ಕಾಡಿನ ಕಡೆ ಹೋದರೆ ದೋಣಿಯಲ್ಲೋ ವಿಮಾನದಲ್ಲೋ ಮಾತ್ರ ತಲುಪಬಹುದಾದ, ಅಮೆಜಾನ್ ತೀರದ ಇಕಿಟೋಸ್. ಚೆನ್ನಾಗಿಯೇ ಹೇಳಿದ. ಹೇಳಿ, ಥ್ಯಾಂಕ್ಯೂ ಅಂದುಬಿಟ್ಟ.

"ಏನ್ರೀ ತಿಮ್ಮಯ್ಯ, ಮಾಚು ಪಿಚ್ಚು ಎಲ್ಲಿ?" ಶ್ರೀಪತಿ ಕೇಳಿದ. "ಕುಸ್ಕೋ ಇಲ್ಲ, ಟಿಟಿಕಾಕಾ ಸರೋವರ ಇಲ್ಲ, ಒಂದು ಬೆಟ್ಟನೂ ಇಲ್ಲ. ಮೈಸೂರಿಗೆ ಹೋಗಿ ಅರಮನೆ ನೋಡ್ದೆ ಬಂದಂಗಾಯ್ತಲ್ಲ."

"ಅಲ್ಲೇನಿದೆ, ಬರೀ ಜನ. ಯೂಟ್ಯೂಬಲ್ಲಿ ನೋಡಿದ್ರಾಯ್ತು ಬಿಡಿ," ಎಂದ ತಿಮ್ಮಯ್ಯ.

ತುಳಸಿ ಗಂಡನ ಮುಖ ನೋಡಿದಳು. ಅವನು ಪರದೆಯ ಮೂಲೆಯಲ್ಲಿ ಏನನ್ನೋ ಹುಡುಕುವವನ ಹಾಗೆ ನಟಿಸುತ್ತಿದ್ದ. ನಟನೆ ಅವನಿಗೆ ಒಗ್ಗುವ ಕೆಲಸವಲ್ಲ. ಅವಳ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು.

ಅಲ್ಲಿಂದ ಅವಳು ಗಂಡನ ಮೇಲೆ ಕಣ್ಣಿಡಲು ಶುರು ಮಾಡಿದಳು. ಸಂಜೆ ಇಬ್ಬರೂ ವಾಕಿಂಗ್ ಹೋದರೆ, ಮೊದಲು ಪಾರ್ಕಿನ ತುದಿ ಮುಟ್ಟಿ ಬರುತ್ತಿದ್ದವನು ಈಗ ಅರ್ಧದಲ್ಲೇ ಬೆಂಚು ನೋಡಿ ಕೂತುಬಿಡುತ್ತಿದ್ದ. "ಸಾಕು ತುಳಸಿ, ಸುಸ್ತಾಯ್ತು." ತುಳಸಿಗೂ ಏದುಸಿರು ಬರುತ್ತಿತ್ತು. ಆದರೆ ಅವಳಿಗೆ ಕೋವಿಡ್ ಬಂದು ಹೋಗಿತ್ತು, ಬಂದು ಹೋದವರಿಗೆಲ್ಲ ಹಾಗೇ ಅಂತೆ, ಡಾಕ್ಟರು ಸ್ಕ್ಯಾನೂ ಮಾಡಿಸಿದ್ದರು, ಏನಾದರೂ ಇದ್ದಿದ್ದರೆ ಹೇಳುತ್ತಿರಲಿಲ್ಲವೇ, ಅದೇನು ದೊಡ್ಡ ವಿಷಯವಲ್ಲ. ಅವನಿಗೇಕೆ ಸುಸ್ತು? ಮಹಡಿಯ ಮೇಲಿದ್ದ ಮಲಗುವ ಕೋಣೆಯನ್ನೂ ಕೆಳಗಿನ ಗೆಸ್ಟ್ ರೂಮಿಗೆ ಶಿಫ್ಟ್ ಮಾಡಿದ. ಮೇಲೆ ಸೆಕೆ ಎಂದ. ಹೊರಗೆ ಆಗ ಚಳಿಗಾಲ.

ಇರ್ವಿಂಗ್ ಅಂಗಡಿಯ ಪಾರ್ಕಿಂಗ್ ಲಾಟ್‌ನಲ್ಲಿ ಒಂದು ಭಾನುವಾರ ಸೋನಾ ಮಸೂರಿಯ ಮೂಟೆಗಾಗಿ ಇಬ್ಬರೂ ಜಗಳಕ್ಕೇ ಬಿದ್ದರು. ಅವನು ಎತ್ತಲು ಹೋದರೆ ಅವಳು ಬಿಡಲಿಲ್ಲ. ಅವಳು ಎತ್ತಲು ಹೋದರೆ ಅವನು ಕೈ ಹಿಡಿದುಕೊಂಡ. ಆಚೆ ಈಚೆ ಎಳೆದು, ಕೊನೆಗೆ ಅಂಗಡಿಯವನೇ ಬಂದು ಡಿಕ್ಕಿಯೊಳಗೆ ಎಸೆದು ಹೋದ.

ಮಗಳು ನಿಹಾರಿಕಾ ಆಸ್ಟಿನ್‌ನಲ್ಲಿ ಕೆಲಸ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಅಮ್ಮನ ನೆನಪಾದರೆ ಹೆಚ್ಚು. ಈಗ ದಿನಾ ಫೋನು. "ಅಮ್ಮಾ, ಆರ್ ಯು ಸ್ಲೀಪಿಂಗ್ ವೆಲ್?" ಅಂತ ಕೇಳುತ್ತಾಳೆ. "ರೆಸ್ಟ್ ತಗೋ" ಅಂತ ಕನ್ನಡದಲ್ಲಿ ಬೇರೆ ಹೇಳುತ್ತಾಳೆ. ಮಗಳು ಕನ್ನಡ ಮಾತಾಡಿದಳೆಂದರೆ ಏನೋ ಎಡವಟ್ಟಾಗಿದೆ ಅಂತಲೇ ತುಳಸಿ ಲೆಕ್ಕ ಹಾಕಿದಳು. ತಂದೆ ಮಗಳು ಸೇರಿ ಮುಚ್ಚಿಡುತ್ತಿರುವುದು ಏನು?

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಅವರು ಟೆಕ್ಸಸ್‌ಗೆ ಬಂದಾಗ ತುಳಸಿಯ ಕೈಯಲ್ಲಿ ಫೋನಿರಲಿಲ್ಲ. ಹಾಗಾಗಿ ಬ್ಯಾಂಕು, ಕರೆಂಟು, ಹಲ್ಲಿನ ಡಾಕ್ಟರು, ಲೈಬ್ರರಿ ಕಾರ್ಡು ಎಲ್ಲಕ್ಕೂ ತಿಮ್ಮಯ್ಯನ ನಂಬರು, ತಿಮ್ಮಯ್ಯನ ಈಮೇಲು. ಆಮೇಲೆ ಅವಳಿಗೂ ಫೋನು ಬಂತು, ಆದರೆ ನಂಬರು ಬದಲಾಯಿಸುವ ಉಸಾಬರಿಗೆ ಯಾರೂ ಹೋಗಲಿಲ್ಲ. ಇವತ್ತಿಗೂ ಅವಳು ಒಂದು ಸೀರೆ ತರಿಸಿದರೆ "ರೀ, ಓಟಿಪಿ ಹೇಳ್ರೀ" ಅಂತ ಅಡುಗೆಮನೆಯಿಂದ ಕೂಗಬೇಕು. ಸುತ್ತಲಿನ ಎಷ್ಟೋ ಮನೆಗಳಲ್ಲಿ ಹೀಗೇ ಆದ್ದರಿಂದ ಅದು ಅವಳಿಗೆ ವಿಚಿತ್ರವಾಗಿಯೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ತಿಮ್ಮಯ್ಯ ಫೋನು ಹಿಡಿದು ಹಿತ್ತಲಿಗೆ ಹೋದ. ತುಳಸಿ ಕರಿಬೇವಿನ ಕುಂಡಕ್ಕೆ ನೀರು ಹಾಕುವ ನೆಪದಲ್ಲಿ ಹಿಂದೆಯೇ ಹೋಗಿ ಗೋಡೆಯ ಮರೆಯಲ್ಲಿ ಕಿವಿಗೊಟ್ಟಳು. ಕೇಳಿಸಿದ್ದು ಚೂರುಪಾರು. ಹ್ಯೂಸ್ಟನ್, ಹಾರ್ಟ್ ಸ್ಪೆಷಲಿಸ್ಟ್, ಎತ್ತರದ ಜಾಗ ಪೂರ್ತಿ ಬಂದ್.

ಎಲ್ಲ ಒಂದೇ ಸಲಕ್ಕೆ ಕೂಡಿಕೊಂಡಿತು. ಬೆಂಚು, ಗೆಸ್ಟ್ ರೂಮು, ಮಗಳ ಕನ್ನಡ, ಬೆಟ್ಟವಿಲ್ಲದ ಪೆರು. ತಾನು ಹಿಡಿದದ್ದು ಸರಿ ಎಂಬ ಸಮಾಧಾನ ಅವಳಿಗೆ ಒಂದು ಗಳಿಗೆ ಇತ್ತು. ಮರುಗಳಿಗೆಯಲ್ಲೇ ಇವನಿಗೆ ಏನಾದರೂ ಆದರೆ ನಾನೇನು ಮಾಡಲಿ ಎಂಬ ಭಯ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಅವನು ಒಳಗೆ ಬಂದಾಗ ನೇರವಾಗಿ ಕೇಳಿದಳು. "ನಿಮ್ಮ ಎದೆಗೆ ಏನಾಗಿದೆ?"

ತಿಮ್ಮಯ್ಯ ತಬ್ಬಿಬ್ಬಾದ. ಏನೋ ಹೇಳಲು ಹೋದ ಬಾಯಿ ಬೇರೇನೋ ಹೇಳಿತು.

"ಸ್ವಲ್ಪ ಪ್ರಾಬ್ಲಮ್ ಇದೆ. ಹ್ಯೂಸ್ಟನ್‌ನಲ್ಲಿ ತೋರಿಸ್ಬೇಕು. ನೀನೂ ಬಾ."

"ಬರ್ದೆ ಇರ್ತೀನಾ. ಇಷ್ಟು ದಿನ ಯಾಕ್ರೀ ಹೇಳ್ಲಿಲ್ಲ? ನಾನೇನು ಕುಸಿದುಬಿಡ್ತಿದ್ನಾ?"

ಅವತ್ತಿನಿಂದ ಆ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ತುಪ್ಪ ಮೂರೂ ಗಡೀಪಾರಾದವು. ಸಾರಿಗೆ ಉಪ್ಪು ಸೋಕಿಸಿದರೆ ಹೆಚ್ಚು. ತಿಮ್ಮಯ್ಯ ತುಟಿಪಿಟಕ್ಕೆನ್ನದೆ ಉಂಡ. ಬೆಳಿಗ್ಗೆ ಸಂಜೆ ತೋಳು ಚಾಚಿ ಬಿ.ಪಿ. ನೋಡಿಸಿಕೊಂಡ. "ನಿಂದೂ ನೋಡ್ಕೋ" ಅಂದರೆ, "ನಂಗೇನಾಗಿದೆ ಧಾಡಿ" ಎಂದು ತುಳಸಿ ಗದರಿದಳು. ಇಷ್ಟು ಮೆತ್ತಗೆ ಅವನು ಯಾವತ್ತೂ ಮಾತು ಕೇಳಿದವನಲ್ಲ. ಅದೂ ಅವಳಿಗೆ ಅನುಮಾನವೇ. ತನಗೆ ಹೇಳಿದ್ದಕ್ಕಿಂತ ಕಾಯಿಲೆ ದೊಡ್ಡದಿರಬೇಕು ಅಂದುಕೊಂಡು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು.

ಹ್ಯೂಸ್ಟನ್‌ಗೆ ಹೊರಟ ದಿನ ದಾರಿಯುದ್ದಕ್ಕೂ ತಿಮ್ಮಯ್ಯ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದ. ಕಾರ್ಸಿಕಾನಾ ಊರು ದಾಟುವಾಗ "ತುಳಸಿ, ಒಂದು ಮಾತು" ಎಂದ. ಅವಳು ತಕ್ಷಣ ನೀರಿನ ಬಾಟಲಿ ತೆಗೆದುಕೊಟ್ಟು, ಮಾತಾಡಿ ಆಯಾಸ ಮಾಡಿಕೊಳ್ಳಬೇಡಿ ಎಂದಳು. ಮುಂದೆ ಪೆಟ್ರೋಲ್ ಹಾಕಿಸಲು ನಿಲ್ಲಿಸಿದಾಗಲೂ ಅವನು ಬಾಯಿ ತೆರೆದ. ಅವಳು ಹೆಚ್ಚಿ ತಂದಿದ್ದ ಸೇಬಿನ ಹೋಳು ಆ ಬಾಯಿಗೆ ಇಟ್ಟಳು.

ಆಸ್ಪತ್ರೆಯ ಹಾಲ್‌ನಲ್ಲಿ ನಿಹಾರಿಕಾ ಮೊದಲೇ ಬಂದು ಕೂತಿದ್ದಳು. ವಾರದ ಮಧ್ಯೆ, ರಜೆ ಹಾಕಿ, ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು. ಎದ್ದವಳು ಅಪ್ಪನ ಕಡೆ ನೋಡದೆ ಅಮ್ಮನನ್ನು ಅಪ್ಪಿಕೊಂಡಳು. ಅಪ್ಪನಿಗೆ ಕಾಯಿಲೆಯಾದರೆ ನನ್ನನ್ನೇಕೆ ಇಷ್ಟು ಬಿಗಿಯಾಗಿ ತಬ್ಬುತ್ತಾಳೆ ಎಂದು ತುಳಸಿಗೆ ಅನ್ನಿಸಿತು. ಕೇಳುವ ಮುಂಚೆಯೇ ತಿಮ್ಮಯ್ಯ ಅವಳನ್ನು ಕೂರಿಸಿದ. ಚೆಕ್-ಇನ್ ಎಲ್ಲ ಫೋನಿನಲ್ಲೇ ಮುಗಿಸಿದ್ದೇನೆ, ಕೌಂಟರಿಗೆ ಹೋಗಬೇಕಿಲ್ಲ ಎಂದ.

ಒಳಬಾಗಿಲು ತೆರೆದು, ಮಾಸ್ಕ್ ಹಾಕಿದ ನರ್ಸ್ ಒಬ್ಬಳು ಕೈಯಲ್ಲಿದ್ದ ಪರದೆ ನೋಡಿ ಕರೆದಳು. "ತುಳಸಿ?"

ಜೊತೆಗೆ ಬಂದವರನ್ನು ಮೊದಲು ಕರೆಯುತ್ತಾರೇನೋ ಎಂದುಕೊಂಡು ತುಳಸಿ ಎದ್ದಳು. ಗಂಡನ ಭುಜ ಮುಟ್ಟಿ, ಪೇಷಂಟ್ ಇವರು, ನಾನು ಹೆಂಡತಿ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನರ್ಸ್ ಮತ್ತೆ ಪರದೆ ನೋಡಿ, ಇಲ್ಲ, ನೀವೇ ಎಂದಳು. ಹುಟ್ಟಿದ ತಾರೀಖು ಇದೇ ತಾನೇ ಎಂದು ಓದಿ ಹೇಳಿದಳು. ಅದು ತುಳಸಿಯದೇ ತಾರೀಖು.

ತುಳಸಿ ಗಂಡನ ಕಡೆ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಕೋವಿಡ್ ಆದ್ಮೇಲೆ ನಿಂಗೆ ಸ್ಕ್ಯಾನ್ ಮಾಡಿದ್ರಲ್ಲ," ಎಂದ, ತಲೆಯೆತ್ತದೆ. "ರಿಪೋರ್ಟು ನನ್ನ ಫೋನಿಗೇ ಬಂತು. ಡಾಕ್ಟರ್ ಆಫೀಸಿನವ್ರೂ ನನಗೇ ಫೋನ್ ಮಾಡಿದ್ರು. ಹೇಳೋಣ ಅಂತಲೇ ಇದ್ದೆ ತುಳಸಿ, ಬಾಯಿ ಬರ್ಲಿಲ್ಲ. ಅಷ್ಟರಲ್ಲಿ ನೀನೇ ಬಂದು ನನ್ನ ಎದೆಗೆ ಏನಾಗಿದೆ ಅಂತ ಕೇಳ್ದೆ. ಕಾಯಿಲೆ ನನಗೆ ಅಂದ್ರೆ ನೀನು ಧೈರ್ಯವಾಗಿರ್ತೀಯ, ನಿನಗೇ ಅಂದ್ರೆ ಕೈಚೆಲ್ತೀಯ ಅಂತ ಹೂಂ ಅಂದ್ಬಿಟ್ಟೆ."

"ನಿಂಗೂ ಗೊತ್ತಿತ್ತಾ?" ತುಳಸಿ ಮಗಳನ್ನು ಕೇಳಿದಳು.

"ಅಪ್ಪ ಟೋಲ್ಡ್ ಮೀ ನಾಟ್ ಟು ಟೆಲ್ ಯು," ಎಂದು ನಿಹಾರಿಕಾ ಅಳಲು ಶುರು ಮಾಡಿದಳು.

ತುಳಸಿಗೆ ಸಿಟ್ಟು ನೆತ್ತಿಗೇರಿತು. ಕಾಯಿಲೆಯ ಹೆದರಿಕೆಗಿಂತ ಅದೇ ಮೊದಲು ಬಂತು. ತನ್ನ ಎದೆಯೊಳಗಿನ ಸುದ್ದಿ ಮನೆಯವರಿಗೆಲ್ಲ ಗೊತ್ತು, ತನಗೊಬ್ಬಳಿಗೆ ಇಲ್ಲ. ಬೆಂಡೆಕಾಯಿ ಮುರಿದು ನೋಡುವವಳು, ಹಾಲು ಮೂಸುವವಳು, ಎಲ್ಲರ ಮೇಲೂ ಕಣ್ಣಿಟ್ಟವಳು ತನ್ನ ಏದುಸಿರಿನ ಕಡೆ ಒಮ್ಮೆಯೂ ಅನುಮಾನದಿಂದ ನೋಡಿರಲಿಲ್ಲ.

ತಿಮ್ಮಯ್ಯ ಅವಳ ಜೊತೆ ಹೋಗಲು ಎದ್ದ.

"ನೀವು ಇಲ್ಲೇ ಕೂತ್ಕೊಳ್ಳಿ," ಎಂದಳು ತುಳಸಿ. "ನನ್ನ ವಿಷ್ಯ ನಾನೇ ಮೊದ್ಲು ಕೇಳ್ಕೊಂಡ್ ಬರ್ತೀನಿ." ನರ್ಸಿಗೆ ತನ್ನದೇ ಫೋನ್ ನಂಬರು ಹೇಳಿ, ಇನ್ನು ಮುಂದೆ ಇದಕ್ಕೇ ಮಾಡಿ ಎಂದು ಬರೆಸಿ ಒಳಗೆ ಹೋದಳು.

ಹೊರಗೆ ಬರುವಾಗ ಊಟದ ಹೊತ್ತು ಮೀರಿತ್ತು. ತಿಮ್ಮಯ್ಯ ಕೂತ ಕುರ್ಚಿಯಿಂದ ಅಲುಗಿರಲಿಲ್ಲ. ಅವಳ ಮುಖದಲ್ಲಿ ಏನಾದರೂ ಓದಲು ಸಿಗುತ್ತದೆಯೇ ಎಂದು ಹುಡುಕಿದ, ಸಿಗಲಿಲ್ಲ.

"ಏನಂದ್ರು?"

ಏನೂ ಇಲ್ಲ ಎನ್ನುವ ಮಾತು ತುಳಸಿಯ ನಾಲಿಗೆಯ ತುದಿಗೆ ಬಂದಿತ್ತು. ಇವನೂ ನಾಲ್ಕು ದಿನ ಗೋಡೆಗೆ ಕಿವಿಗೊಟ್ಟು ಒದ್ದಾಡಲಿ ಅನ್ನಿಸಿತ್ತು. ಆದರೆ ಉಳಿದ ಸೇಬಿನ ಹೋಳುಗಳನ್ನು ಅವನು ಅವಳಿಗೆಂದು ಎತ್ತಿಟ್ಟುಕೊಂಡಿರುವುದು ಕಂಡಿತು. ಅವಳು ಪಕ್ಕದಲ್ಲಿ ಕೂತು ಒಂದೂ ಬಿಡದೆ ಹೇಳಿದಳು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಜಾಸ್ತಿಯಿದೆ. ಮಾತ್ರೆಗಳಿವೆ, ಕೆಲವರಿಗೆ ಹಿಡಿಯುತ್ತವೆ, ಕೆಲವರಿಗೆ ಇಲ್ಲ. ತನಗೆ ಹೇಗೋ ಡಾಕ್ಟರಿಗೇ ಇನ್ನೂ ಗೊತ್ತಿಲ್ಲ. ಎಷ್ಟು ವರ್ಷ ಅಂತ ಕೇಳಿದ್ದಕ್ಕೆ ಅವರು ಉತ್ತರ ಕೊಡಲಿಲ್ಲ. ಆ ಕೊನೆಯ ಮಾತನ್ನೂ ಹೇಳಿದಳು. ತಿಮ್ಮಯ್ಯ ಮುಖ ತಿರುಗಿಸಲು ನೋಡಿದ, ಅವಳು ಬಿಡಲಿಲ್ಲ.

"ಪೆರುಗೆ ಹೋಗ್ಬಹುದಾ ಅಂತ ಕೇಳ್ದೆ," ಎಂದಳು. "ಪರೀಕ್ಷೆ ಎಲ್ಲ ಮುಗೀಲಿ, ಆಮೇಲೆ ಸಮುದ್ರದ ಕಡೆ ಆದ್ರೆ ನೋಡೋಣ ಅಂದ್ರು. ಬೆಟ್ಟ ಬೇಡ್ವೇ ಬೇಡ ಅಂತೆ."

"ಹೂಂ, ನಾವು ಲಿಮಾದಲ್ಲೇ ಇದ್ದು ಬರೋಣ."

"ನಾನು ಲಿಮಾದಲ್ಲಿ ಇರ್ತೀನಿ. ನೀವು ಮಾಚು ಪಿಚ್ಚುಗೆ ಹೋಗ್ಬನ್ನಿ."

"ನಿನ್ನ ಬಿಟ್ಟು ನಾನೊಬ್ನೇ ಅಲ್ಲಿ ಏನ್ ನೋಡ್ಲಿ?"

"ಅದನ್ನೂ ಅಭ್ಯಾಸ ಮಾಡ್ಕೋಬೇಕಲ್ರೀ," ಎಂದಳು ತುಳಸಿ, ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡು.