ಮೂರನೇ ಬೆರಳು

ಎಂಜಿನ್ ಅರಚುತ್ತಿತ್ತು, ಕಾರು ಮಾತ್ರ ಮೂವತ್ತೈದರ ಮೇಲೆ ಏರಲೊಲ್ಲದು. ಪ್ರಯಾಗಬಾಯಿ ಎಕ್ಸಿಲರೇಟರ್ ಸಡಿಲಿಸಿ ನೋಡಿದಳು, ಮತ್ತೆ ಒತ್ತಿ ನೋಡಿದಳು. ಗೇರು ಒಂದರಲ್ಲೇ ಕೂತಿತ್ತು. ಅವಳ ಗಂಡ ವೈಜನಾಥನನ್ನು ಹೂವಿನ ನಡುವೆ ಕೂರಿಸಿಕೊಂಡು ಉಮರ್ಗಾದಿಂದ ಹೊರಟ ಟೆಂಪೊ ಆಗಲೇ ಹೆದ್ದಾರಿಯಲ್ಲಿ ಕಣ್ಮರೆಯಾಗಿತ್ತು. ದಾಳಿಂಬ ಊರಿನ ತಮ್ಮ ಹೊಲದಲ್ಲಿ ಕುಣಿ ತೋಡಿ ಕಾಯುತ್ತಿದ್ದರು. ಹೊತ್ತು ಮುಳುಗುವುದರೊಳಗೆ ಮಣ್ಣು ಕೊಡಬೇಕೆಂದು ಅಯ್ಯನವರು ಹೇಳಿದ್ದರು.

"ಅಕ್ಕಾ, ಬಾಜೂಕ ಹಚ್ಚು," ಎಂದ ಪಕ್ಕದಲ್ಲಿದ್ದ ತಮ್ಮ ದಿಗಂಬರ. "ಗೇರ್‌ಬಾಕ್ಸ್ ಖಲಾಸ್ ಆಗ್ಯಾದ. ಹಿಂದ ಬರೋ ಆಟೋದಾಗ ಹೋಗಮು. ನಾಳಿಗಿ ಇದನ್ನ ಗುಜರಿಗಿ ಹಾಕಿ, ನೀ ನನ್ನ ಸಂಗಟ ನಿಲಂಗಾಕ್ಕ ಬಂದುಬಿಡು. ಒಬ್ಬಾಕಿನೇ ಇಲ್ಲಿದ್ದು ಏನ್ ಮಾಡ್ತಿ?"

"ಮುಂಜಾನಿ ನೀ ನಡಸಿದಾಗ ಭಾಳ ಚಲೋ ಹೋಯ್ತೇನೋ?" ಎಂದಳು ಹಿಂದಿನ ಸೀಟಿನಿಂದ ವೈಜನಾಥನ ಅಕ್ಕ ಶಿವಕಾಂತಮ್ಮ. "ಕ್ಲಚ್ ಅಂತ ಎಡಗಾಲಿಲೆ ಬ್ರೇಕ್ ತುಳದಿ. ನನ್ನ ಹಣಿ ಇನ್ನಾ ನೋಯ್ಲತ್ತದ."

ದಿಗಂಬರನಿಗೆ ನಿಲಂಗಾದಲ್ಲಿ ಅಡತಿ ಅಂಗಡಿ, ದೊಡ್ಡ ಮನೆ. ಪಾಪ, ಅವನು ಪ್ರೀತಿಯಿಂದಲೇ ಹೇಳುತ್ತಿದ್ದ. ಆದರೆ ಆ ಮನೆಯಲ್ಲಿ ಪ್ರಯಾಗಬಾಯಿ ಯಾರು? ಮೂಲೆ ಕುರ್ಚಿಯ ಅಕ್ಕ, ಅಷ್ಟೆ. ಮಂಗಳವಾರ ಮಂಗಳವಾರ ದಾಳಿಂಬಕ್ಕೆ ಹೋಗಿ ಹದಿನಾಲ್ಕು ಹೆಂಗಸರಿಗೆ ಹೊಲಿಗೆ ಕಲಿಸುವ ಪ್ರಯಾಗಬಾಯಿ ಇರುವುದಿಲ್ಲ. ಸಣ್ಣಂದಿನಲ್ಲೇ ಪೋಲಿಯೊ ಬಡಿದ ಎಡಗಾಲು ಅವಳದು. ಕ್ಲಚ್ ಇಲ್ಲದ ಈ ಹಳೆಯ ಅಟೋಮ್ಯಾಟಿಕ್ ಕಾರು ಹೋದರೆ ಅವಳ ಓಡಾಟವೇ ಹೋದಂತೆ.

ಅವಳಿಗೆ ಸಿಟ್ಟು ಬಂತು. ತಮ್ಮನ ಮೇಲಲ್ಲ, ಟೆಂಪೊದಲ್ಲಿ ತಣ್ಣಗೆ ಕೂತು ಮುಂದೆ ಹೋದವನ ಮೇಲೆ.

*

ವೈಜನಾಥ ಪಂಪ್‌ಸೆಟ್ ರಿಪೇರಿಯವ. ಹನ್ನೊಂದು ವರ್ಷದ ಹಿಂದೆ, ಉದಗೀರದ ಡಾಕ್ಟರೊಬ್ಬರು ಬೇವಿನ ಮರದಡಿ ಬಿಟ್ಟುಬಿಟ್ಟಿದ್ದ ಈ ಕಾರನ್ನು ಹಗ್ಗ ಕಟ್ಟಿ ಎಳೆದು ತಂದಾಗ ಓಣಿಯೇ ನಕ್ಕಿತ್ತು. ನಾಲ್ಕು ತಿಂಗಳು ಬಿಚ್ಚಿ ಜೋಡಿಸಿ, ಕೀಲಿಯನ್ನು ಹೆಂಡತಿಯ ಕೈಗಿಟ್ಟ. ಅವಳು ಕಲಿಯುವಾಗ ಪಕ್ಕದಲ್ಲಿ ಕೂತು, ತೊಡೆಯ ಮೇಲೆ ಕೈಯಿಟ್ಟುಕೊಂಡು, ಗೇರು ಬದಲಾದಾಗಲೆಲ್ಲ ಒಂದೊಂದು ಬೆರಳು ಎತ್ತುತ್ತಿದ್ದ. ಮೂರನೆಯದು ಎದ್ದ ಮೇಲೆ, "ಈಗ ಆರಾಮ್ ಹೋಗು," ಎನ್ನುತ್ತಿದ್ದ. ಕಲಿತು ವರ್ಷಗಳಾದರೂ ಆ ಚಟ ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತಾಗಲೆಲ್ಲ ದಿಗಂಬರ ಅದನ್ನು ನೋಡಿ ನಗುತ್ತಿದ್ದ.

ಹೋದ ತಿಂಗಳು ಹಾಸಿಗೆ ಹಿಡಿದಾಗ, ಮಂಚವನ್ನು ಅಂಗಳಕ್ಕೆ ತರಿಸಿ ಅವಳಿಂದಲೇ ಬಾನೆಟ್ ತೆಗೆಸಿದ.

"ಮೊದ್ಲು ಮೂಗು, ಆಮ್ಯಾಲ ಕಣ್ಣು, ಕಡೀಕ ನಟ್ ಬಿಚ್ಚೋ ಪಾನಾ," ಎಂದ. "ಗೇರ್ ಆಯಿಲ್ ಎಂಜಿನ್ ಚಾಲೂ ಇಟ್ಟೇ ನೋಡಬೇಕು. ಸುಟ್ಟ ವಾಸ್ನಿ ಬಂದ್ರ ಗೇರ್‌ಬಾಕ್ಸ್ ಹೋಯ್ತು. ಕೆಂಪಗ ಇದ್ರ ಅಂಜಬ್ಯಾಡ, ಈ ವಾಯರ್ ನೋಡು. ನೀ ಎಷ್ಟು ಒತ್ತೀದಿ ಅಂತ ಗೇರಿಗಿ ಹೇಳೋದು ಇದೇ. ಇದು ಸಿಕ್ಕೊಂಡ್ರ, ನೀ ಕಾಲು ತಗದ್ರೂ ಅದಕ್ಕ ಗೊತ್ತಾಗಲ್ಲ."

"ನೀವೇ ಎದ್ದು ನೋಡ್ರಿ."

"ನಾ ಏಳಲ್ಲ ಪ್ರಯಾಗಾ. ನೀ ಕಲಿ."

ಅವಳು ಸಿಟ್ಟಿನಿಂದಲೇ ಮತ್ತೆ ಬಾನೆಟ್ಟಿನೊಳಗೆ ಬಾಗಿದಳು.

*

ಕಾರು ರಸ್ತೆ ಬದಿಗೆ ನಿಂತಿತು. ದಿಗಂಬರ ಕೀಲಿಗೆ ಕೈ ಹಾಕಿದ.

"ಬಂದ್ ಮಾಡಬ್ಯಾಡ," ಎಂದು ಪ್ರಯಾಗಬಾಯಿ ಬಾಗಿಲು ಹಿಡಿದು ಇಳಿದಳು. ಬಾನೆಟ್ ಎತ್ತಿ, ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದು ಸೆರಗಿನಲ್ಲಿ ಒರೆಸಿದಳು. ಮತ್ತೆ ಅದ್ದಿ ತೆಗೆದು ಮೂಗಿಗೆ ಹಿಡಿದಳು. ಸುಟ್ಟ ವಾಸನೆ ಇರಲಿಲ್ಲ. ಬಣ್ಣ ಕೆಂಪಗೇ ಇತ್ತು, ಮಟ್ಟವೂ ಸರಿಯಿತ್ತು.

"ಖಲಾಸ್ ಆಗಿಲ್ಲ," ಎಂದಳು. "ಈಗ ಬಂದ್ ಮಾಡು."

ವಾಯರನ್ನು ಎಳೆದು ಬಿಟ್ಟಳು. ಎಳೆದಲ್ಲೇ ನಿಂತಿತು. ಅವನು ಹಾಸಿಗೆ ಹಿಡಿದಾಗಿನಿಂದ ನಿಂತೇ ಇದ್ದ ಗಾಡಿ, ವಾಯರು ಓಡಾಡುವ ಕೊಳವೆಯ ಬಾಯಿಗೆ ಧೂಳು ಮೆತ್ತಿ ಗಟ್ಟಿಯಾಗಿತ್ತು.

"ಅಕ್ಕಾರ, ಸೀಟಿನ ಬುಡಕ ನನ್ನ ಹೊಲಿಗಿ ಚೀಲ ಅದ, ಕೊಡ್ರಿ," ಎಂದಳು ಶಿವಕಾಂತಮ್ಮನಿಗೆ.

ಚೀಲದಲ್ಲಿ ಹೊಲಿಗೆ ಮಷಿನಿನ ಎಣ್ಣೆಯ ಬಾಟಲಿಯಿತ್ತು. ಧೂಳು ಒರೆಸಿ ನಾಲ್ಕು ಹನಿ ಬಿಟ್ಟಳು, ಎಳೆದಳು, ತಳ್ಳಿದಳು. ಮತ್ತೆ ನಾಲ್ಕು ಹನಿ, ಬಾಟಲಿ ಬರಿದಾಗುತ್ತ ಬಂತು. ದಿಗಂಬರನ ಫೋನು ರಿಂಗಾಯಿತು. "ಲವಕರ ಬರ್ರಿ, ಹೊತ್ತು ಮುಳುಗ್ತದ ಅಂತಾರ. ಸಾಕು ಬಿಡು ಅಕ್ಕಾ, ನಿನ್ನಿಂದ ಆಗಲ್ಲ." ಅವಳು ಮತ್ತೆ ವಾಯರು ಎಳೆದಳು. ಕಣ್ಣೀರು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಎಷ್ಟನೆಯದೋ ಸಲಕ್ಕೆ ವಾಯರು ತಾನಾಗಿ ಹಿಂದಕ್ಕೆ ಸರಿದು ಟಕ್ ಎಂದಿತು.

ಹೊರಟ ಮೇಲೆ ಎಂಜಿನ್ನಿನ ಅರಚಾಟ ತಗ್ಗಿತು, ಎರಡನೇ ಗೇರು ಬಿತ್ತು. ಅಷ್ಟರಲ್ಲಿ ಹೊಲದ ದಾರಿ ಬಂದುಬಿಟ್ಟಿತು. ಮೂರನೆಯದನ್ನು ನೋಡಲು ರಸ್ತೆ ಸಾಲಲಿಲ್ಲ.

ಕುಣಿಯಲ್ಲಿ ವೈಜನಾಥ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಕೂತಿದ್ದ. ಅಯ್ಯನವರು ಅವಳ ಕೈಗೆ ಬಿಲ್ವಪತ್ರಿ ಕೊಟ್ಟರು.

"ಕೈ ತೊಳಕೋ, ಎಣ್ಣಿ ಆಗ್ಯಾದ," ಎಂದಳು ಶಿವಕಾಂತಮ್ಮ.

"ಇರ್ಲಿ ಅಕ್ಕಾರ. ಅವ್ರಿಗಿ ಗುರ್ತ ಸಿಗ್ತದ."

ಪತ್ರಿ ಹಾಕುತ್ತ ಬಾಗಿ, ಗಂಡನಿಗಷ್ಟೇ ಕೇಳುವಂತೆ ಹೇಳಿದಳು: "ಎರಡು ಬಿದ್ದಾದ. ಮೂರು ಹೋಗ್ವಾಗ ನೋಡ್ತೀನಿ." ಆಮೇಲೆ ಎಲ್ಲರೊಂದಿಗೆ ಮೂರು ಹಿಡಿ ಮಣ್ಣು ಹಾಕಿದಳು.

ತಿರುಗಿ ಹೊರಟಾಗ ತೊಗರಿ ಹೊಲದ ಮೇಲೆ ಇನ್ನೂ ಬೆಳಕಿತ್ತು. ಕಾರು ಹೆದ್ದಾರಿಗೆ ಹತ್ತಿತು.

"ಅಕ್ಕಾ," ಎಂದ ದಿಗಂಬರ, "ಆ ಮಷಿನ್ ಎಣ್ಣಿ ಖಾಲಿ ಆಯ್ತಲ್ಲ. ನಾಳಿಗಿ ಬಜಾರಕ್ಕ ಹೋದಾಗ ಒಂದು ಬಾಟ್ಲಿ ತರ್ಲೇನು?"

"ಎರಡು ತಾ."

ಕಾರು ಎರಡನೇ ಗೇರಿಗೆ ಬಿತ್ತು. ಎಂಜಿನ್ನಿನ ದನಿ ಏರುತ್ತ ಹೋಯಿತು. ಪ್ರಯಾಗಬಾಯಿ ಉಸಿರು ಹಿಡಿದು ಕಾಲನ್ನು ಚೂರು ಸಡಿಲಿಸಿದಳು. ದನಿ ತಟ್ಟನೆ ಇಳಿಯಿತು. ಪಕ್ಕದಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದ ದಿಗಂಬರನ ತೊಡೆಯ ಮೇಲೆ, ಅವನಿಗೇ ಗೊತ್ತಿಲ್ಲದೆ, ಮೂರನೇ ಬೆರಳು ಎದ್ದಿತ್ತು.