ಆರದ ಬಲ್ಬು

ಕುಮಾಸಿ ನಗರದ ಸುವಾಮೆ ವೃತ್ತ ದಾಟಿದ ಮೇಲೆ ಅಜೆಕುಮ್‌ನ ವ್ಯಾನು ಒಂದು ಹೊಂಡಕ್ಕೆ ಇಳಿದು ಏರಿತು, ಅಷ್ಟೆ. ಸ್ಟೀರಿಂಗಿನ ಕೆಳಗೆ ಚಟ್ ಎಂದು ಕಿಡಿ ಹಾರಿತು, ಸುಟ್ಟ ರಬ್ಬರಿನ ವಾಸನೆ ಬಂತು, ಎಂಜಿನ್ ನಿಂತುಹೋಯಿತು. ಮತ್ತೆ ಸ್ಟಾರ್ಟ್ ಮಾಡಲು ಹೋದರೆ ಜಪ್ಪಯ್ಯ ಅನ್ನಲಿಲ್ಲ. ಹಾರ್ನಿಲ್ಲ, ಲೈಟಿಲ್ಲ, ರೇಡಿಯೋ ಇಲ್ಲ. ಗರ ಬಡಿದಂತೆ ನಡುರಸ್ತೆಯಲ್ಲಿ ನಿಂತ ಗಾಡಿಯನ್ನು ಹಿಂದಿನ ಡ್ರೈವರುಗಳು ಬಾಯಿಗೆ ಬಂದಂತೆ ಬಯ್ಯುತ್ತಲೇ ಬದಿಗೆ ತಳ್ಳಿಕೊಟ್ಟರು.

ಕುಮಾಸಿಯಿಂದ ಒಫಿನ್ಸೊಗೆ ವರ್ಷಗಟ್ಟಲೆ ಜನ ಸಾಗಿಸಿದವನಿಗೆ ಗಾಡಿ ಕೆಡುವುದೇನು ಹೊಸದೇ? ಆದರೆ ಇವತ್ತು ಹಿಂದೆ ಕೂತವರು ಪ್ರಯಾಣಿಕರಲ್ಲ. ಅವನ ಸೋದರಮಾವ ನ್ಯಾಂತಾಚಿ, ಚಿಕ್ಕಮ್ಮ ಕೊನಾಡು, ಇಬ್ಬರ ನಡುವೆ ಹೊಸ ಬಟ್ಟೆಯಲ್ಲಿ ಸುತ್ತಿಟ್ಟ, ಶ್ನಾಪ್ಸ್ ಎಂಬ ಮದ್ಯದ ಬಾಟಲಿಗಳು. ಒಫಿನ್ಸೊದ ಬಸ್ ನಿಲ್ದಾಣದಲ್ಲಿ ಕರಿದ ಗೆಣಸು ಮಾರುವ ಅಚಿಯಾಳ ಮನೆಯ ಬಾಗಿಲು ತಟ್ಟಲು ಹೊರಟಿದ್ದರು. ಬಾಗಿಲು ತಟ್ಟುವುದೆಂದರೆ ಹೆಣ್ಣು ಕೇಳುವುದು. ಅಲ್ಲಿ ಗಂಡು ತುಟಿ ಬಿಚ್ಚುವ ಹಾಗಿಲ್ಲ, ಮಾತಾಡುವುದೆಲ್ಲ ಸೋದರಮಾವನೇ. ಮಾವನಿಲ್ಲದೆ ಹೋದವನಿಗೆ ಯಾರೂ ಬಾಗಿಲು ತೆರೆಯುವುದಿಲ್ಲ.

ಆ ಮಾವನೋ, ಮನೆಯಿಂದಲೇ ಮುಖ ಗಂಟು ಹಾಕಿಕೊಂಡು ಬಂದವನು.

"ನೋಡಿದ್ಯಾ ಕೊನಾಡು? ನಾನು ಹೇಳಿದ್ನೋ ಇಲ್ವೋ? ಇದು ವೈರು ಸುಟ್ಟಿದ್ದಲ್ಲ. ಅಫ್ರಕೋಮಾಗೆ ಇಷ್ಟ ಇಲ್ಲ."

ಅಫ್ರಕೋಮಾ ಎಂದರೆ ಅಜೆಕುಮ್‌ನ ಹೆಂಡತಿ. ತೀರಿಕೊಂಡು ವರ್ಷಗಳಾಗಿದ್ದವು.

"ಸುಮ್ನಿರಣ್ಣ. ಒಳ್ಳೆ ಕೆಲಸಕ್ಕೆ ಹೋಗ್ತಾ ಇಂಥ ಮಾತಾ?"

"ನಾನೆಲ್ಲಿ ಆಡ್ದೆ? ಗಾಡಿ ಆಡ್ತಿದೆ. ಅಜೆಕುಮ್, ಕೇಳು. ಕೆಟ್ಟಿದ್ದೇನು ಅಂತ ನನ್ನ ಕಣ್ಣಿಗೆ ಕಾಣೋ ಹಾಗೆ ತೋರ್ಸು, ಬರ್ತೀನಿ. ಇಲ್ಲಾಂದ್ರೆ ಇಲ್ಲಿಂದ್ಲೇ ವಾಪಸ್. ಸತ್ತವಳನ್ನ ಎದುರು ಹಾಕ್ಕೊಂಡು ಇನ್ನೊಬ್ರ ಬಾಗಿಲು ತಟ್ಟೋನು ನಾನಲ್ಲ."

ಮಾವನ ಮಂಡಿನೋವಿನಿಂದ ಈ ಶಾಸ್ತ್ರ ಆಗಲೇ ಒಮ್ಮೆ ಮುಂದೆ ಹೋಗಿತ್ತು. "ಇನ್ನೊಂದ್ಸಲ ನಮ್ಮಪ್ಪನ್ನ ಕಾಯ್ಸಿದ್ರೆ ನಾನೇ ಬಾಗಿಲು ಹಾಕ್ಕೋತೀನಿ" ಎಂದು ಅಚಿಯಾ ನಗುತ್ತಲೇ ಹೇಳಿದ್ದಳು. ನಗುತ್ತ ಹೇಳಿದರೂ ಅವಳು ಹೇಳಿದ್ದನ್ನು ಮಾಡುವವಳು.

ಸುವಾಮೆಯಲ್ಲಿ ಗಾಡಿ ರಿಪೇರಿಯವರಿಗೆ ಬರವಿಲ್ಲ. ರಸ್ತೆಯಾಚೆಯ ಶೆಡ್ಡಿನಿಂದ ವೈರಿಂಗ್ ಮಾಸ್ಟರ್ ಸೈದು ಬಂದ, ಹೆಗಲಲ್ಲಿ ವೈರಿನ ಸುರುಳಿ, ಕೈಯಲ್ಲಿ ಎರಡು ವೈರು ಕಟ್ಟಿದ ಹಳೆಯ ಹೆಡ್‌ಲೈಟ್ ಬಲ್ಬು.

"ಏನ್ ಸ್ವಾಮಿ, ಮದುವೆ ಗಂಡಿನ ಹಾಗೆ ಬಟ್ಟೆ ಹಾಕ್ಕೊಂಡು ಈ ಗುಜರಿ ಓಡಿಸ್ತಿದ್ದೀರಾ?"

"ಮದುವೆ ಗಂಡೇ ಕಣಪ್ಪಾ, ಬೇಗ ನೋಡು" ಎಂದಳು ಚಿಕ್ಕಮ್ಮ.

ಸೈದು ಬಲ್ಬಿನ ವೈರುಗಳನ್ನು ಬ್ಯಾಟರಿಗೆ ಮುಟ್ಟಿಸಿದ. ಬಲ್ಬು ಝಗ್ಗೆಂದಿತು. ಸ್ಟೀರಿಂಗಿನ ಕೆಳಗಿನ ಫ್ಯೂಸ್ ಪೆಟ್ಟಿಗೆಗೆ ಮುಟ್ಟಿಸಿದರೆ ಏನೂ ಇಲ್ಲ. ನಡುವೆ, ಬ್ಯಾಟರಿಯ ಪಕ್ಕದಲ್ಲೇ ಇದ್ದ ದೊಡ್ಡ ಫ್ಯೂಸನ್ನು ಹಿಡಿದು ಬಗ್ಗಿಸಿ ನೋಡಿದ.

"ಒಳಗೆ ಕರಗಿಹೋಗಿದೆ. ಇಡೀ ಗಾಡಿಗೆ ಕರೆಂಟು ಹೋಗೋದೇ ಇದರಿಂದ."

"ಒಂದು ತುಂಡು ದಪ್ಪ ವೈರು ಸುತ್ತಿಬಿಡಿ ಮಾಸ್ಟರ್. ಒಫಿನ್ಸೊ ಮುಟ್ಟಿದ್ರೆ ಸಾಕು" ಎಂದ ಅಜೆಕುಮ್.

"ಸುತ್ಬಹುದು. ಆಮೇಲೆ ನೀವು, ತಾತ, ಶ್ನಾಪ್ಸು ಎಲ್ಲಾ ಒಟ್ಟಿಗೇ ಹೊತ್ತಿ ಉರೀತೀರಿ. ಇದು ಸುಮ್ಸುಮ್ನೆ ಕರಗಲ್ಲ. ಕರೆಂಟು ಎಲ್ಲೋ ಗಾಡಿ ತಗಡಿಗೆ ತಾಗ್ತಿದೆ. ಮೊದಲು ಅದು ಸಿಗ್ಬೇಕು."

ಕರಗಿದ ಫ್ಯೂಸ್ ಕಿತ್ತು ಅದರ ಜಾಗಕ್ಕೆ ಬಲ್ಬನ್ನೇ ಸಿಕ್ಕಿಸಿದ. ಗಾಡಿಯಲ್ಲಿ ಎಲ್ಲ ಆಫ್ ಇದ್ದರೂ ಬಲ್ಬು ಉರಿಯತೊಡಗಿತು.

"ಅಲ್ನೋಡು! ಏನೂ ಹಾಕದೇ ಉರೀತಿದೆ. ಇನ್ನೇನು ಬೇಕು ನಿಂಗೆ?" ಎಂದ ನ್ಯಾಂತಾಚಿ.

"ತಾತ, ದೆವ್ವಕ್ಕೆ ಬ್ಯಾಟರಿ ಯಾಕೆ ಬೇಕು? ಹೀಗ್ ಮಾಡಿ, ನೀವೇ ಈ ಬಲ್ಬು ಕಾಯಿರಿ. ನಾನು ಒಂದೊಂದೇ ವೈರು ಅಲುಗಾಡಿಸ್ತೀನಿ. ಎಲ್ಲಿ ಮುಟ್ಟಿದಾಗ ಇದು ಆರತ್ತೋ ಅಲ್ಲಿದಾನೆ ಕಳ್ಳ. ಆರಿದ್ ತಕ್ಷಣ ಕೂಗಿ."

ಮುದುಕ ಬಾನೆಟ್ಟಿನ ಮುಂದೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನಿಂತ. ಸೈದು ಹಿಂದಿನ ದೀಪಗಳ ವೈರು ಎಳೆದ. "ಉರೀತಿದೆ!" ರೇಡಿಯೋದ್ದು ಎಳೆದ. "ಉರೀತಾನೇ ಇದೆ!" ಆ ದನಿಯಲ್ಲಿ ಗೆದ್ದವನ ಖುಷಿಯಿತ್ತು. ಆಮೇಲೆ ಸೈದು ಸೀಟಿನ ಕೆಳಗೆ ಮಲಗಿ ಸ್ಟೀರಿಂಗಿನ ಹಿಂದಕ್ಕೆ ಕೈ ತೂರಿಸಿದ.

ಅಲ್ಲಿ ಏನಿದೆ ಎಂಬುದು ಅಜೆಕುಮ್‌ಗೊಬ್ಬನಿಗೇ ಗೊತ್ತು.

ಹೆಂಡತಿ ಸತ್ತಾಗ ಚಿಕ್ಕಮ್ಮ ಅವನ ಸೊಂಟಕ್ಕೆ ದಾರದಲ್ಲಿ ಒಂದು ಕಬ್ಬಿಣದ ಕೀಲಿಕೈ ಕಟ್ಟಿದ್ದಳು. ಸತ್ತವಳು ರಾತ್ರಿ ಗಂಡನನ್ನು ಹುಡುಕಿಕೊಂಡು ಬರದಂತೆ ಅದು ಕಾವಲು. ಶೋಕದ ವರ್ಷ ಮುಗಿದ ದಿನ ಅದನ್ನು ನದಿಗೆಸೆದು ತಿರುಗಿ ನೋಡದೆ ಬರಬೇಕು. ಅಜೆಕುಮ್ ನದಿಗೆ ಹೋದ, ಬಂದ, "ಹಾಕ್ದೆ" ಎಂದ. ಹಾಕಿರಲಿಲ್ಲ. ಅವಳನ್ನು ಹೊರಗಿಡಲು ಕಟ್ಟಿದ್ದನ್ನೇ ಗಾಡಿಯೊಳಗೆ ಕಟ್ಟಿಕೊಂಡಿದ್ದ. ಖಾಲಿ ಗಾಡಿಯಲ್ಲಿ ಮನೆಗೆ ಹೋಗುವಾಗ ಮಂಡಿ ತಾಗಿದರೆ ಅದು ಟಿಣ್ ಎನ್ನುತ್ತಿತ್ತು. ಅವನು ಆ ದಿನದ ಸುದ್ದಿಯೆಲ್ಲ ಅದಕ್ಕೆ ಹೇಳುತ್ತಿದ್ದ. ಅಚಿಯಾ ಸಿಕ್ಕ ಮೇಲೆ ಮಾತು ಕಡಿಮೆಯಾಗಿತ್ತು, ನಿಜ. ಬಿಚ್ಚಿ ಎಸೆಯಲು ಮಾತ್ರ ಮನಸ್ಸು ಬಂದಿರಲಿಲ್ಲ.

"ಅಲ್ಲೇನೂ ಇಲ್ಲ ಮಾಸ್ಟರ್" ಎಂದ ಅವಸರದಲ್ಲಿ.

"ಇದೆಯಲ್ಲ, ಏನೋ ದಾರ..."

"ಆರ್ತು!" ಎಂದು ಮುದುಕ ಕಿರುಚಿದ. ಸೈದು ಕೈ ಬಿಟ್ಟ. "ಹತ್ಕೊಳ್ತು!" ಮತ್ತೆ ಎಳೆದ. "ಆರ್ತು, ಆರ್ತು! ಬಿಡ್ಬೇಡ!"

ಸೈದು ಹೊರಗೆ ಬಂದಾಗ ಅವನ ಅಂಗೈಯಲ್ಲಿ ಕೀಲಿಕೈ ಇತ್ತು. ಹಲ್ಲುಗಳು ಸುಟ್ಟು ಕರ್ರಗಾಗಿದ್ದವು.

"ದಾರ ಸವೆದು ಜೋತುಬಿದ್ದಿದೆ. ಹೊಂಡದಲ್ಲಿ ಕುಲುಕಿ ಮೇನ್ ವೈರಿನ ಸ್ಕ್ರೂಗೂ ತಗಡಿಗೂ ನಡುವೆ ಸಿಕ್ಕೊಂಡಿದೆ. ಯಾವ ಬೀಗದ್ದಪ್ಪಾ ಇದು?"

ಕೊನಾಡು ದಾರದ ಗಂಟನ್ನು ಬೆರಳಲ್ಲಿ ಸವರಿದಳು. ಅದು ಅವಳೇ ಹಾಕಿದ ಗಂಟು.

"ನದಿಗೆ ಹಾಕ್ದೆ ಅಂದಿದ್ಯಲ್ಲೋ."

"ಆಗ್ಲಿಲ್ಲ ಚಿಕ್ಕಮ್ಮ. ಕೈ ಬರ್ಲಿಲ್ಲ" ಎನ್ನುವಷ್ಟರಲ್ಲಿ ಅವನಿಗೆ ಅಳು ಬಂದುಬಿಟ್ಟಿತು. ಮಾವ ಈಗ ಕೋಲೂರಿಕೊಂಡು ವಾಪಸು ಹೊರಡುತ್ತಾನೆ ಎಂದುಕೊಂಡ.

ನ್ಯಾಂತಾಚಿ ಆರಿದ ಬಲ್ಬನ್ನೂ ಅಳುವ ಅಳಿಯನನ್ನೂ ನೋಡಿದ.

"ಅವಳು ಬಿಡ್ತಿಲ್ಲ ಅಂತ ಬೆಳಗ್ಗಿಂದ ಬೈದೆ" ಎಂದ ಕೊನೆಗೆ. "ಪಾಪ, ಅವಳೇನು ಮಾಡಿದ್ಲು?" ಆಮೇಲೆ ಸೈದುವಿನ ಕಡೆ ತಿರುಗಿ, "ನೀನೇನಪ್ಪಾ ಬಾಯಿ ಬಿಟ್ಕೊಂಡು ನಿಂತಿದ್ದೀಯ? ಹೊಸ ಫ್ಯೂಸ್ ಹಾಕು" ಎಂದು ಗದರಿದ.

ಸೈದು ಫ್ಯೂಸ್ ಹಾಕಿದ. ವ್ಯಾನು ಒಂದೇ ಏಟಿಗೆ ಸ್ಟಾರ್ಟ್ ಆಯಿತು. ಅಚಿಯಾಳ ಮನೆಯಿದ್ದದ್ದು ಒಫಿನ್ ನದಿಯ ಆಚೆ. ಸೇತುವೆ ಬಂದಾಗ ಯಾರೂ ಹೇಳದೆಯೇ ಅಜೆಕುಮ್ ಗಾಡಿ ನಿಲ್ಲಿಸಿ, ಸುಟ್ಟ ಕೀಲಿಕೈ ಹಿಡಿದು ಇಳಿದ. ಹೊತ್ತು ಮೀರಿತ್ತು, ಅವನು ನೀರಿನ ಕಡೆಗೆ ಓಡಲು ಹೊರಟ.

"ಓಡ್ಬೇಡ್ವೋ" ಎಂದ ಮಾವ. "ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು ಬಾ. ಅವರು ಕಾಯ್ಲಿ."

ಅಚಿಯಾಳ ಅಂಗಳದಲ್ಲಿ ಹಿರಿಯರು ಕುರ್ಚಿ ಬಿಟ್ಟು ಏಳುವುದರಲ್ಲಿದ್ದರು. ಅವಳ ಅಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಅವರ ಪರವಾಗಿ ಮಾತಾಡುವ ಹಿರಿಯ ಎದ್ದು ನಿಂತು, ಇಷ್ಟು ತಡವಾಗಿ ಬಂದವರು ಯಾಕೆ ಬಂದಿರಿ ಎಂದು ಕೇಳಿದ.

ನ್ಯಾಂತಾಚಿ ಹೊದ್ದ ಬಟ್ಟೆಯನ್ನು ಗೌರವಕ್ಕೆ ಹೆಗಲಿನಿಂದ ಇಳಿಸಿ, ಶ್ನಾಪ್ಸ್ ಬಾಟಲಿಗಳನ್ನು ಮುಂದಿಟ್ಟ.

"ನಮ್ಮನೆ ಹೆಣ್ಣುಮಗಳೊಬ್ಬಳು ಗಾಡೀಲಿದ್ಲು. ಒಳ್ಳೆಯವಳು. ಅವಳನ್ನ ಇಳಿಸಿ ಬರೋದು ತಡ ಆಯ್ತು, ಕ್ಷಮಿಸಿ. ಈಗ ನಮ್ಮ ಹುಡುಗನ ಪಕ್ಕದಲ್ಲಿ ಜಾಗ ಖಾಲಿ ಇದೆ. ಅದಕ್ಕೇ ಬಂದು ಬಾಗಿಲು ತಟ್ತಿದ್ದೀವಿ."

ಅಚಿಯಾಳ ಅಪ್ಪ ಮತ್ತೆ ಕುರ್ಚಿಯಲ್ಲಿ ಕೂತು, ಇವರಿಗೂ ಕುರ್ಚಿ ಹಾಕಿ ಎಂದ. ಅಜೆಕುಮ್ ಪದ್ಧತಿಯಂತೆ ತುಟಿ ಬಿಚ್ಚಲಿಲ್ಲ. ಬಿಚ್ಚು ಎಂದಿದ್ದರೂ ಅವನಿಂದ ಆಗುತ್ತಿರಲಿಲ್ಲ.