ಪಿಂಗಾರ ಸಿಕ್ಕಿದ ಉತ್ತರ ಪತ್ರಿಕೆ

ಬೆಳಿಗ್ಗೆ ಮನೆಯಿಂದ ಹೊರಡುವ ಮೊದಲು ದೇವರ ಎದುರು ನಿಂತು ಸ್ನೇಹಲತಾ ಬೇಡಿಕೊಳ್ಳುವುದು ಒಂದೇ ಮಾತು: ಇವತ್ತು ನನ್ನ ಕೈಯಿಂದ ಯಾರಿಗೂ ಅನ್ಯಾಯ ಆಗದ ಹಾಗೆ ನೋಡಿಕೋ. ಉತ್ತರ ಪತ್ರಿಕೆ ತಿದ್ದುವ ದಿನಗಳಲ್ಲಂತೂ ಈ ಮಾತನ್ನು ಅವಳು ದಾರಿಯುದ್ದಕ್ಕೂ ಹೇಳಿಕೊಳ್ಳುತ್ತಾಳೆ. ಕೂಳೂರು ಸೇತುವೆಯ ಮೇಲೆ ಬಸ್ಸು ಬ್ಲಾಕಿನಲ್ಲಿ ಸಿಕ್ಕಿಕೊಂಡಾಗ, ಕೆಳಗೆ ಹೊಳೆ ತನ್ನಷ್ಟಕ್ಕೆ ಸಮುದ್ರದ ಕಡೆಗೆ ಹೋಗುತ್ತಿರುವಾಗ, ಇವಳ ತುಟಿ ಮಾತ್ರ ಅಲ್ಲಾಡುತ್ತಿರುತ್ತದೆ. ಪಕ್ಕದಲ್ಲಿ ಕೂತವರು ಜಪ ಅಂತ ತಿಳಿದುಕೊಳ್ಳುತ್ತಾರೆ. ಜಪವೇ ಅದು.

ಆ ದಿನ ತಿದ್ದುವ ಕೆಲಸದ ಕೊನೆಯ ದಿನ. ಸ್ವಾಯತ್ತ ಕಾಲೇಜು ಎಂದ ಮೇಲೆ ಪರೀಕ್ಷೆಯೂ ಅವರದ್ದೇ, ತಿದ್ದುವುದೂ ಅವರೇ. ಗ್ರಂಥಾಲಯದ ಮೇಲಿನ ಮಹಡಿಯಲ್ಲಿ ಉದ್ದುದ್ದ ಮೇಜುಗಳು, ಎಷ್ಟು ತಿರುಗಿದರೂ ಸೆಕೆಯನ್ನೇ ಕಲಕುವ ಫ್ಯಾನುಗಳು. ಮರುದಿನ ಫಲಿತಾಂಶ. ಸಂಜೆಯ ಒಳಗೆ ಎಲ್ಲ ಕಟ್ಟುಗಳೂ ಮುಗಿಯಲೇಬೇಕೆಂದು ಪರೀಕ್ಷಾ ವಿಭಾಗದ ಮುಖ್ಯಸ್ಥ ಜೊಕಿಮ್ ಸರ್ ಬೆಳಿಗ್ಗೆಯೇ ಬಂದು ಹೇಳಿ ಹೋಗಿದ್ದರು.

ಸ್ನೇಹಲತಾಳಿಗೆ ಕೊನೆಗೆ ಬಂದದ್ದು ಬಾಕಿಯವರ ಕಟ್ಟು. ಮೊದಲ ವರ್ಷದ ಅರ್ಥಶಾಸ್ತ್ರದಲ್ಲಿ ಬಿದ್ದು, ಎರಡನೇ ವರ್ಷ ಮುಗಿಸಿದರೂ ಅದನ್ನು ಕಳೆದುಕೊಳ್ಳಲಾಗದೆ ಮತ್ತೆ ಬರೆದವರದ್ದು. ಮೊದಲ ವರ್ಷದ್ದು ಒಂದು ಪತ್ರಿಕೆ ಬಾಕಿ ಇದ್ದರೂ ಮೂರನೇ ವರ್ಷಕ್ಕೆ ಪ್ರವೇಶವಿಲ್ಲ ಎನ್ನುವುದು ನಿಯಮ. ಈ ಕಟ್ಟಿನಲ್ಲಿ ಬಿದ್ದವರು ಒಂದು ವರ್ಷ ಮನೆಯಲ್ಲೇ. ಆಮೇಲೆ ಎಷ್ಟು ಮಂದಿ ವಾಪಸು ಬರುತ್ತಾರೆ ಎನ್ನುವುದು ಅಧ್ಯಾಪಕರಿಗೆಲ್ಲ ಗೊತ್ತು. ಗಂಡುಮಕ್ಕಳು ಸೀದಾ ಗಲ್ಫಿನ ದಾರಿ ಹಿಡಿಯುತ್ತಾರೆ. ಹೆಣ್ಣುಮಕ್ಕಳ ಮನೆಗೆ ಜಾತಕ ಬರತೊಡಗುತ್ತದೆ.

ಎಂಬತ್ತರ ಪತ್ರಿಕೆ, ಪಾಸಾಗಲಿಕ್ಕೆ ಇಪ್ಪತ್ತೆಂಟು ಬೇಕು. ಬರೆದವರ ಹೆಸರಿಲ್ಲ, ನಂಬರಿಲ್ಲ, ಮುಖಪುಟದಲ್ಲಿ ಒಂದು ಸಂಕೇತ ಮಾತ್ರ. ಒಳಗಿನ ಪುಟಗಳಲ್ಲಿ ಅಂಕ ಬರೆಯುವ ಕ್ರಮವಿಲ್ಲ, ಮುಖಪುಟಕ್ಕೆ ಅಂಟಿಸಿದ ಚೀಟಿಯಲ್ಲೇ ಬರೆಯಬೇಕು. ಮತ್ತೆ, ಖಾಲಿ ಉಳಿದ ಪ್ರತಿ ಪುಟಕ್ಕೂ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆಯಬೇಕು, ಆಮೇಲೆ ಯಾರೂ ಅಲ್ಲಿ ಏನೂ ಸೇರಿಸದ ಹಾಗೆ.

ಮಧ್ಯಾಹ್ನದ ಊಟ ಮುಗಿಸಿ ಬಂದು ತೆಗೆದ ಆ ಪತ್ರಿಕೆಯ ಅಕ್ಷರ ಗುಂಡಗೆ, ಸ್ವಲ್ಪ ಹಿಂದಕ್ಕೆ ವಾಲಿದ್ದು. ಮೊದಲ ಉತ್ತರಗಳು ಅಷ್ಟಕ್ಕಷ್ಟೆ. ಕೊನೆಯದು ಬೇಡಿಕೆ, ಪೂರೈಕೆ ಮತ್ತು ಬೆಲೆಯ ಪ್ರಶ್ನೆ. ಪುಸ್ತಕದ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಬಂದರಿನಲ್ಲಿ ಮೀನು ಇಳಿಸುವ ಧಕ್ಕೆಯಲ್ಲಿ ಬೆಳಿಗ್ಗೆ ಬೋಟು ಬಂದಾಗ ಬಂಗುಡೆಗೆ ಒಂದು ಕ್ರಯ, ಇನ್ನೂ ನಾಲ್ಕು ಬೋಟು ಬಂದ ಕೂಡಲೇ ಇನ್ನೊಂದು ಕ್ರಯ, ಮದುವೆಯ ಸೀಸನಿನಲ್ಲಿ ಅಂಜಲು ಮುಟ್ಟಲಿಕ್ಕೇ ಆಗುವುದಿಲ್ಲ ಅಂತ ಶುರುವಾಗಿ, ಹರಾಜು ಕೂಗುವವನೂ ಕೊಳ್ಳುವವನೂ ಒಪ್ಪುವ ಜಾಗ ಎಲ್ಲಿ ಎನ್ನುವಲ್ಲಿಗೆ ಬಂದು ಪುಟದ ಬುಡದಲ್ಲಿ ಮುಗಿದಿತ್ತು. ಓದುತ್ತಾ ಸ್ನೇಹಲತಾಳಿಗೆ ನಗು ಬಂತು. ಸರಿಯಾಗಿಯೇ ಬರೆದಿದೆ. ಆದರೆ ಚಿತ್ರ ಇಲ್ಲ. ವಿವರಣೆಗೆ ಆರು, ರೇಖಾಚಿತ್ರಕ್ಕೆ ನಾಲ್ಕು ಎಂದು ಕೊಟ್ಟ ಮಾದರಿಯಲ್ಲಿತ್ತು. ಅವಳು ವಿವರಣೆಗೆ ನಾಲ್ಕು ಹಾಕಿ ಕೂಡಿಸಿದಳು. ಇಪ್ಪತ್ತಾರು.

ಎರಡು ಅಂಕ. ಅವಳು ನಿಟ್ಟುಸಿರು ಬಿಟ್ಟು, ಖಾಲಿ ಪುಟಗಳಿಗೆ ಗೆರೆ ಎಳೆಯಲಿಕ್ಕೆಂದು ಹಾಳೆ ತಿರುಗಿಸಿದಳು.

ಅಲ್ಲಿತ್ತು ಪಿಂಗಾರದ ಒಂದು ಎಸಳು. ಅಡಿಕೆಯ ಹೂವು. ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗಿ ಖಾಲಿ ಪುಟದ ನಡುವೆ ಮಲಗಿತ್ತು. ಸುತ್ತ ಗಂಧದ ಹಳದಿ ಕಲೆ. ದೈವಸ್ಥಾನದಲ್ಲಿ ಗಂಧದ ಜೊತೆ ಕೈಗೆ ಹಾಕುತ್ತಾರಲ್ಲ, ಅದೇ.

ಸ್ನೇಹಲತಾಳ ಕೈ ಬುದ್ಧಿಯನ್ನು ಕೇಳಲಿಲ್ಲ. ಎಸಳನ್ನು ತೆಗೆದು ಕಣ್ಣಿಗೊತ್ತಿಕೊಂಡಿತು. ಮೂರು ವರ್ಷದ ಮಗುವಾಗಿದ್ದಾಗಿನಿಂದ ಮಾಡುತ್ತಾ ಬಂದದ್ದು. ಪತ್ರಿಕೆ ಮುಚ್ಚಿದಳು. ಎಸಳು ಬೊಗಸೆಯಲ್ಲೇ ಉಳಿಯಿತು.

“ಸ್ನೇಹಕ್ಕ, ಎಂತ ಸಿಕ್ಕಿತು?” ಪಕ್ಕದ ಮೇಜಿನ ಶೈಲೇಶ್ ಕತ್ತು ಚಾಚಿದ. ಸೇರಿ ಎರಡು ವರ್ಷವಾದ ಅಧ್ಯಾಪಕ, ಬಾಯಿ ಸುಮ್ಮನಿರುವ ಜನವಲ್ಲ. “ನನಗೆ ನಿನ್ನೆ ಒಂದರಲ್ಲಿ ಸತ್ತ ಇರುವೆ ಸಿಕ್ಕಿತ್ತು. ಅದಕ್ಕೊಂದು ಅರ್ಧ ಮಾರ್ಕ್ ಕೊಡ್ಬೇಕಿತ್ತು ಪಾಪ, ಆ ಪತ್ರಿಕೆಯಲ್ಲಿ ವಿಷಯದ ಒಳಗೆ ಹೊಕ್ಕದ್ದು ಅದೊಂದೇ.”

ಅವಳು ಬೊಗಸೆ ತೆರೆದು ತೋರಿಸಿದಳು. ಅವನ ನಗು ನಿಂತಿತು.

“ಅಯ್ಯೋ. ಪ್ರಸಾದ.” ಅವನೂ ಒಮ್ಮೆ ಹಣೆ ಮುಟ್ಟಿಕೊಂಡ. ಆಮೇಲೆ ಸ್ವರ ತಗ್ಗಿಸಿದ. “ಜೊಕಿಮ್ ಸರಿಗೆ ತೋರಿಸ್ಬೇಡಿ ಅಕ್ಕ. ಹೋದ ವರ್ಷ ಒಬ್ಬ ಮುಖಪುಟದಲ್ಲಿ ಓಂ ಬರೆದದ್ದಕ್ಕೆ ಅವನ ಇಡೀ ಸೆಮಿಸ್ಟರ್ ರದ್ದಾಯಿತು, ನೆನಪುಂಟಲ್ಲ? ನೀವು ಅದನ್ನು ತಲೆಗೆ ಸಿಕ್ಕಿಸಿಕೊಂಡು ಸುಮ್ನೆ ಕೂತ್ಕೊಳ್ಳಿ. ಕೇಳಿದ್ರೆ ಮನೆಯಿಂದ ಮುಡಿದುಕೊಂಡು ಬಂದದ್ದು ಅಂತ ಹೇಳಿ. ಡಿಎನ್ಎ ಟೆಸ್ಟ್ ಮಾಡ್ತಾರಾ?”

ನೆನಪಿಲ್ಲದೆ ಏನು. ಉತ್ತರ ಪತ್ರಿಕೆಯಲ್ಲಿ ಹೆಸರು, ದೇವರ ಹೆಸರು, ಚಿಹ್ನೆ, ಬೇಡಿಕೆ, ಯಾವುದೇ ವಸ್ತು ಕಂಡರೆ ತಿದ್ದುವವರು ವರದಿ ಮಾಡಬೇಕು. ಪ್ರಭಾವ ಬೀರಲಿಕ್ಕೆ ಇಟ್ಟದ್ದೆಂದು ಕಂಡರೆ ಅಕ್ರಮದ ಸಮಿತಿಗೆ ಹೋಗುತ್ತದೆ. ಅಲ್ಲಿಗೆ ಹೋದದ್ದು ಸುಮ್ಮನೆ ವಾಪಸು ಬಂದದ್ದನ್ನು ಅವಳು ನೋಡಿಲ್ಲ.

ಅವಳು ಚೀಟಿ ನೋಡಿದಳು. ಕೊನೆಯ ಪ್ರಶ್ನೆಯ ಎದುರು ನಾಲ್ಕು. ಅದನ್ನು ಆರು ಮಾಡಿದರೆ ಇಪ್ಪತ್ತೆಂಟು. ಪಕ್ಕದಲ್ಲಿ ಒಂದು ಸಹಿ ಹಾಕಿದರೆ ಆಯಿತು. ಬಂದರಿನ ಬಂಗುಡೆಗೆ ಆರು ಕೊಟ್ಟರೆ ತಪ್ಪೇನು? ಬರೆದದ್ದು ಸರಿಯಾಗಿಯೇ ಇದೆಯಲ್ಲ? ಕೆಂಪು ಪೆನ್ನು ಚೀಟಿಯ ಮೇಲೆ ಇಳಿಯಿತು.

ಇಳಿದು ಅಲ್ಲೇ ನಿಂತಿತು. ಹತ್ತು ನಿಮಿಷದ ಹಿಂದೆ ಇದೇ ಉತ್ತರಕ್ಕೆ ನಾಲ್ಕು ಸಾಕು ಅನ್ನಿಸಿತ್ತು. ಆಗಿನಿಂದ ಉತ್ತರ ಒಂದಕ್ಷರವೂ ಬೆಳೆದಿಲ್ಲ. ಬೆಳೆದದ್ದು ಇವಳ ಒಳಗಿನ ಹೆದರಿಕೆ. ದೈವದ ಹೂವು ಬಂದು ಕೂತ ಪತ್ರಿಕೆಯನ್ನು ಬೀಳಿಸುವುದು ಹೇಗೆ ಎನ್ನುವ ಹೆದರಿಕೆ. ಹೂವಿಲ್ಲದ ಪತ್ರಿಕೆಗಳೂ ಬೆಳಿಗ್ಗೆಯಿಂದ ಇದೇ ಮೇಜಿನ ಮೇಲೆ ಇಪ್ಪತ್ತಾರಕ್ಕೆ, ಇಪ್ಪತ್ತೇಳಕ್ಕೆ ಬಿದ್ದಿವೆ. ಅವರ ಮನೆಯಲ್ಲೂ ದೇವರ ಎದುರು ದೀಪ ಇಡುವ ಅಮ್ಮಂದಿರಿಲ್ಲವೇ? ಆ ನಿಯಮವನ್ನು ಮಕ್ಕಳನ್ನು ಹಿಡಿಯಲಿಕ್ಕೆ ಮಾಡಿದ್ದು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು. ನನ್ನಂಥವರನ್ನು ಹಿಡಿಯಲಿಕ್ಕೂ ಅದು ಬೇಕು ಅಂತ ಈಗ ಕಂಡಿತು.

ಪತ್ರಿಕೆಯನ್ನೂ ಎಸಳನ್ನೂ ಹಿಡಿದು ಎದ್ದಳು.

“ಅಕ್ಕ, ಆ ಮಗುವಿನ ಒಂದು ವರ್ಷ,” ಎಂದ ಶೈಲೇಶ್ ಹಿಂದಿನಿಂದ.

“ಗೊತ್ತುಂಟು ಮಾರಾಯ. ಅದೊಂದೇ ಗೊತ್ತಿರುವುದು ನನಗೆ.”

ಜೊಕಿಮ್ ಸರ್ ಮಹಡಿಯ ತುದಿಯ ಗಾಜಿನ ಕೋಣೆಯಲ್ಲಿದ್ದರು. ಎದುರು ಗೆರ್ಟ್ರೂಡ್ ಮೇಡಂ ಮುಗಿಸಿದ ಕಟ್ಟನ್ನು ಒಪ್ಪಿಸುತ್ತಿದ್ದರು. ಅರ್ಥಶಾಸ್ತ್ರದ ಹಿರಿಯರು. ಅವರ ಕೈಯಲ್ಲಿ ಪತ್ರಿಕೆ ಸಿಕ್ಕಿದರೆ ಮುಗಿಯಿತೆಂದು ಮಕ್ಕಳು ಹೇಳುವುದುಂಟು. ಅರ್ಧ ಅಂಕಕ್ಕೂ ಕಾರಣ ಕೇಳುವವರು.

ಸ್ನೇಹಲತಾ ಕೋಣೆಗೆ ಬಂದವಳು ಗೆರ್ಟ್ರೂಡ್ ಮೇಡಂ ಹೊರಗೆ ಹೋಗುವ ತನಕ ಕಾದು, ಪತ್ರಿಕೆಯನ್ನೂ ಎಸಳನ್ನೂ ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದಳು. ಕಣ್ಣಿಗೊತ್ತಿಕೊಂಡದ್ದನ್ನೂ, ಪೆನ್ನು ಚೀಟಿಯ ಮೇಲೆ ಇಳಿದದ್ದನ್ನೂ ಬಿಡಲಿಲ್ಲ.

ಜೊಕಿಮ್ ಸರ್ ಎಸಳನ್ನು ಮುಟ್ಟಲಿಲ್ಲ. ಮೇಜಿನ ಬದಿಯ ಕಸದ ಬುಟ್ಟಿಯನ್ನು ಕಾಲಿನಿಂದ ದೂರ ತಳ್ಳಿದರು. “ನಮ್ಮ ಮನೆಯ ಹಿಂದೆಯೇ ದೈವಸ್ಥಾನ ಇದ್ದದ್ದು ಮೇಡಂ. ಚಿಕ್ಕಂದಿನಲ್ಲಿ ನಾನೂ ಇದನ್ನು ಕಿವಿಗೆ ಸಿಕ್ಕಿಸಿಕೊಂಡು ಶಾಲೆಗೆ ಹೋಗಿದ್ದೇನೆ, ಅಪ್ಪನ ಹತ್ತಿರ ಬೈಸಿಕೊಂಡಿದ್ದೇನೆ.” ಆಮೇಲೆ ಕನ್ನಡಕ ತೆಗೆದರು. “ಈಗ ಒಂದೇ ಪ್ರಶ್ನೆ ಕೇಳ್ತೇನೆ. ಇದು ನಿಮ್ಮ ಮನಸ್ಸನ್ನು ಅಲ್ಲಾಡಿಸಿತಾ, ಇಲ್ಲವಾ?”

ಹೌದು ಅಂದರೆ ಆ ಮಗು ಸಮಿತಿಗೆ. ಇಲ್ಲ ಅಂದರೆ ಸುಳ್ಳು. ಅದೂ ಈ ಹೂವಿನ ಎದುರು.

“ಅಲ್ಲಾಡಿಸಿತು ಸರ್,” ಎಂದಳು. “ಆದ್ರೆ ಅಲ್ಲಾಡಿದ್ದು ನಾನು. ಇಟ್ಟವರು ಅದಕ್ಕೇ ಇಟ್ಟದ್ದಾ, ಬಿದ್ದುಹೋಗಬಾರದು ಅಂತ ಇಟ್ಟು ಮರೆತದ್ದಾ, ನನಗೆ ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ವರದಿ ಬರೀಲಿಕ್ಕೆ ಆಗ್ತದಾ ಮಾರಾಯ್ರೆ?”

“ನನ್ನ ಮೇಲೆ ಬರೀರಿ. ಈ ಪತ್ರಿಕೆಯನ್ನು ನ್ಯಾಯವಾಗಿ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ ಅಂತ ಬರೀರಿ. ನೆಂಟರ ಮಕ್ಕಳ ಪತ್ರಿಕೆ ಬಂದ್ರೆ ವಾಪಸು ಕೊಡ್ತೇವಲ್ಲ, ಹಾಗೆ.”

“ಹಾಗೆ ಬರೆದ್ರೆ ನಿಮ್ಮ ಇಡೀ ದಿನದ ಕಟ್ಟಿನ ಮೇಲೆ ಸಂಶಯ ಬರ್ತದೆ. ಗೊತ್ತುಂಟಾ?”

“ಬರಲಿ ಸರ್.”

ಜೊಕಿಮ್ ಸರ್ ಮುಖಪುಟದ ಚೀಟಿಯನ್ನು ಕಿತ್ತು ಡ್ರಾವರಿಗೆ ಹಾಕಿ, ಹೊಸ ಚೀಟಿ ಅಂಟಿಸಿದರು. ಎಸಳನ್ನು ಕಾಗದದ ಮೇಲೆ ಜಾರಿಸಿ ಒಂದು ಲಕೋಟೆಯೊಳಗೆ ಇಟ್ಟರು. ಬಾಗಿಲಲ್ಲಿ ಕರೆದರು: “ಗೆರ್ಟ್ರೂಡ್, ಒಂದು ಪತ್ರಿಕೆ ಉಂಟು. ಇಲ್ಲೇ ಕೂತು ನೋಡಿ ಕೊಡ್ತೀರಾ?”

ಸ್ನೇಹಲತಾ ಮನಸ್ಸಿನಲ್ಲೇ ಅಂದುಕೊಂಡಳು: ಬೇರೆ ಯಾರೂ ಸಿಗಲಿಲ್ಲವೇ ದೇವರೇ.

“ನನ್ನ ಬಸ್ಸು ತಪ್ಪಿಸ್ಲಿಕ್ಕೇ ನೀವು ಇರುವುದು,” ಎನ್ನುತ್ತಾ ಗೆರ್ಟ್ರೂಡ್ ಮೇಡಂ ಒಳಗೆ ಬಂದು, ಯಾರದ್ದು, ಯಾಕೆ ಎಂದು ಒಂದು ಮಾತೂ ಕೇಳದೆ ಪೆನ್ನು ತೆರೆದರು. ಅವರ ಮುಖದಲ್ಲಿ ಏನೂ ಕಾಣುವುದಿಲ್ಲ. ಪುಟ ಓದುತ್ತಾರೆ, ಚೀಟಿಯಲ್ಲಿ ಬರೆಯುತ್ತಾರೆ, ತುಟಿಯೊಳಗೆ ಕೊಂಕಣಿಯಲ್ಲಿ ಎಣಿಸುತ್ತಾರೆ. ಮೂರನೇ ಉತ್ತರಕ್ಕೆ ಬಂದಾಗ ತಲೆ ಅಡ್ಡಕ್ಕೆ ಹೋಯಿತು. ಸ್ನೇಹಲತಾ ಐದು ಕೊಟ್ಟಿದ್ದಲ್ಲಿ ಅವರ ಪೆನ್ನು ನಾಲ್ಕು ಬರೆಯಿತು. ಇವಳಿಗೆ ಎದುರಿನಿಂದ ತಲೆಕೆಳಗಾಗಿ ಕಂಡಿತು. ಇಪ್ಪತ್ತಾರು ಹೋಗಿ ಇಪ್ಪತ್ತೈದು.

ಕೊನೆಯ ಉತ್ತರ. ಬಂಗುಡೆ, ಬೋಟು, ಅಂಜಲು. ಗೆರ್ಟ್ರೂಡ್ ಮೇಡಂ ನಗಲಿಲ್ಲ. ಪುಟ ತಿರುಗಿಸಿದರು, ಖಾಲಿ, ಹಳದಿ ಕಲೆ. “ಊಟ ಮಾಡ್ತಾ ಬರೆದದ್ದಾ ಎಂತ ಕತೆ,” ಎಂದು ಗೊಣಗಿ ಒಂದು ಅಡ್ಡಗೆರೆ ಎಳೆದರು. ಇನ್ನೊಮ್ಮೆ ಹಾಳೆ ತಿರುಗಿಸಿದರು. ಪತ್ರಿಕೆಯನ್ನು ಕಣ್ಣಿನ ಹತ್ತಿರಕ್ಕೆ ಎತ್ತಿಕೊಂಡರು. ಓದಿದರು. ಚೀಟಿಯಲ್ಲಿ ಬರೆದು, ಕೂಡಿಸಿ, ಸಹಿ ಹಾಕಿ ದಬ್ಬಿದರು.

“ಚಿತ್ರ ಮಾತ್ರ ಚಂದ ಬಿಡಿಸಿದ್ದಾರೆ. ನಾಲ್ಕಕ್ಕೆ ನಾಲ್ಕು ಕೊಡದೆ ನಿರ್ವಾಹ ಇಲ್ಲ.”

“ಚಿತ್ರವಾ?” ಸ್ನೇಹಲತಾ ಮೇಜಿನ ಮೇಲೆ ಬಾಗಿಯೇ ಬಿಟ್ಟಳು. “ಚಿತ್ರ ಇಲ್ಲವಲ್ಲ ಮೇಡಂ!”

“ಇಲ್ಲದೆ ನಾನು ಕನಸು ಕಂಡದ್ದಾ?”

ಜೊಕಿಮ್ ಸರ್ ಪತ್ರಿಕೆ ತೆರೆದು ತೋರಿಸಿದರು. ಗಂಧದ ಕಲೆಯ ಹಾಳೆಯನ್ನು ತಿರುಗಿಸಿದರೆ ಸಿಗುವ ಪುಟದಲ್ಲಿ, ಅಡ್ಡಕ್ಕೆ ಒಂದು ಗೆರೆ, ಉದ್ದಕ್ಕೆ ಒಂದು, ನಡುವೆ ಎರಡು ಓರೆಗೆರೆಗಳು ಒಂದನ್ನೊಂದು ಕಡಿಯುವ ಜಾಗ. ಅಲ್ಲಿ ಒಂದು ಚುಕ್ಕೆ, ಪಕ್ಕದಲ್ಲಿ ಅದೇ ಗುಂಡಗಿನ ಅಕ್ಷರ: ಸಮತೋಲನ ಬೆಲೆ.

ಸ್ನೇಹಲತಾಳಿಗೆ ಆಗ ಎಲ್ಲ ಕಣ್ಣೆದುರು ನಡೆದಂತಾಯಿತು. ಪರೀಕ್ಷೆಯ ಕೋಣೆ. ಬರೆಯುತ್ತಾ ಬಗ್ಗಿದಾಗ ಮುಡಿಯಿಂದಲೋ ಕಿವಿಯಿಂದಲೋ ಎಸಳು ಜಾರಿ ಮುಂದಿನ ಪುಟದ ಮೇಲೆ ಬಿದ್ದಿದೆ. ನೆಲಕ್ಕೆ ಹಾಕುವ ಹಾಗಿಲ್ಲ, ಕಾಲಿಗೆ ಸಿಕ್ಕೀತು. ಅದರ ಮೇಲೆ ಬರೆಯುವ ಹಾಗೂ ಇಲ್ಲ. ಆ ಪುಟವನ್ನು ಅದಕ್ಕೇ ಬಿಟ್ಟು ಹಾಳೆ ತಿರುಗಿಸಿ ಮುಂದಕ್ಕೆ ಹೋಗಿದೆ ಮಗು. ಬೆಲ್ಲು ಹೊಡೆದಾಗ ಮರೆತಿದೆ. ಈ ಊರಿನ ಮಗು ಮಾತ್ರ ಹಾಗೆ ಮಾಡೀತು. ಈ ಊರಿನ ಹೆಂಗಸು ಮಾತ್ರ ಹೂವು ಕಂಡ ಕೂಡಲೇ ಕಣ್ಣು ಮುಚ್ಚಿ, ಪತ್ರಿಕೆಯನ್ನೂ ಮುಚ್ಚಿಯಾಳು. ಗೆರ್ಟ್ರೂಡ್ ಮೇಡಮಿಗೆ ಅದು ಬರೀ ಕಲೆ. ಅದಕ್ಕೇ ಅವರು ಹಾಳೆ ತಿರುಗಿಸಿದರು.

“ಇಪ್ಪತ್ತೊಂಬತ್ತು,” ಎಂದರು ಜೊಕಿಮ್ ಸರ್ ಚೀಟಿ ನೋಡಿ. ಗೆರ್ಟ್ರೂಡ್ ಮೇಡಂ ಚೀಲ ಹೆಗಲಿಗೇರಿಸಿ ಬಸ್ಸಿಗೆ ಓಡಿದ ಮೇಲೆ ಅವರು ಲಕೋಟೆಯನ್ನು ಹತ್ತಿರ ಎಳೆದುಕೊಂಡರು. “ತೋರಿಸ್ಲಿಕ್ಕೆ ಇಡುವವರು ಮುಖಪುಟದ ಒಳಗೆ ಇಡ್ತಾರೆ. ತಮ್ಮದೇ ನಾಲ್ಕು ಅಂಕವನ್ನು ಹೂವಿನ ಹಿಂದೆ ಅಡಗಿಸಿ ಇಡುವುದಿಲ್ಲ.” ಲಕೋಟೆಯ ಮೇಲೆ ನಿಧಾನವಾಗಿ ಬರೆದರು: ವಸ್ತು ಸಿಕ್ಕಿದೆ, ಪ್ರಭಾವ ಬೀರುವ ಉದ್ದೇಶ ಕಾಣುವುದಿಲ್ಲ, ಸಮಿತಿಗೆ ಕಳಿಸುವ ಅಗತ್ಯವಿಲ್ಲ. ಕೆಳಗೆ ಸಹಿ. “ನಾಳೆ ಯಾರಾದ್ರೂ ಕೇಳಿದ್ರೆ ಉತ್ತರ ನಾನು ಕೊಡ್ತೇನೆ.”

ಸ್ನೇಹಲತಾಳಿಗೆ ಕೈಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಅವರ ಮುಖ ಇನ್ನೂ ಸಡಿಲವಾಗಿರಲಿಲ್ಲ.

“ಮೇಡಂ, ಒಂದು ಪತ್ರಿಕೆಯಲ್ಲಿ ಹಾಳೆ ತಿರುಗಿಸ್ಲಿಲ್ಲ ನೀವು. ಬೇರೆಯದ್ದರಲ್ಲಿ?”

“ತಿರುಗಿಸಿದ್ದೇನೆ ಸರ್. ಎಲ್ಲದಕ್ಕೂ ಗೆರೆ ಎಳೆದಿದ್ದೇನೆ.” ಅಂದವಳು ತಡೆದಳು. ಇದರಲ್ಲೂ ಚಿತ್ರವಿಲ್ಲ ಎಂದು ಈಗಷ್ಟೇ ಇಷ್ಟೇ ಧೈರ್ಯದಿಂದ ಹೇಳಿದ್ದಳಲ್ಲ. “ಇಲ್ಲ. ಇನ್ನೊಮ್ಮೆ ನೋಡ್ತೇನೆ. ಬಿದ್ದವರದ್ದು ಮೊದಲು.”

“ನನ್ನ ಎದುರೇ ಕೂತು ನೋಡಿ.”

ಅವಳು ಮೇಜಿಗೆ ಹೋಗಿ ಕಟ್ಟನ್ನು ಎದೆಗವಚಿಕೊಂಡು ತಂದಳು. ಶೈಲೇಶ್ ಹುಬ್ಬಿನಲ್ಲೇ ಏನಾಯಿತೆಂದು ಕೇಳಿದ. ಅವಳು ತಲೆಯಾಡಿಸಿದಳು, ಅವನು ಉಸಿರು ಬಿಟ್ಟು ಚಾ ಕುಡಿಯಲು ಇಳಿದುಹೋದ. ಗಾಜಿನ ಕೋಣೆಯಲ್ಲಿ ಜೊಕಿಮ್ ಸರ್ ಕುರ್ಚಿ ಎಳೆದುಕೊಟ್ಟರು. ಬೆಳಿಗ್ಗೆ ಇಪ್ಪತ್ತೇಳಕ್ಕೆ ಬಿದ್ದ ಪತ್ರಿಕೆಯನ್ನು ಅವಳು ಮೊದಲು ತೆಗೆದಳು. ಮುಖಪುಟ ತೆರೆದಳು. ಉಗುರಿನಿಂದ ಹಾಳೆಯ ಮೂಲೆ ಬಿಡಿಸಿ, ಎರಡು ಅಂಟಿಕೊಂಡಿಲ್ಲವಲ್ಲ ಎಂದು ಬೆಳಕಿಗೆ ಹಿಡಿದು, ಒಂದೊಂದಾಗಿ ತಿರುಗಿಸತೊಡಗಿದಳು.